ಗಜಕಡ್ಡಿ ಮಾಡಿದ ಕಾಲು

ಪರದೇಶಕ್ಕೆ ಓದಲು ಹೋದವರು ಮನೆಗೆ ಫೋಟೋ ಕಳಿಸುವುದು ಇದ್ದದ್ದೇ. ಗೋಪುರದ ಮುಂದೆ ನಿಂತದ್ದು, ಸೇತುವೆಯ ಕಂಬಿಗೆ ಒರಗಿದ್ದು, ಯಾರದೋ ಕಾರಿಗೆ ಆತುಕೊಂಡು ತನ್ನದೇ ಎನ್ನುವ ಹಾಗೆ ಹಲ್ಲು ಕಿರಿದದ್ದು. ನಮ್ಮ ಗಜಕಡ್ಡಿಯೂ ಕಳಿಸುತ್ತಿದ್ದಳು. ಆದರೆ ಅವಳ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರೆ ಬರೀ ಕಾಲು. ಮೆಟ್ಟಿಲಿಳಿಯುವ ಕಾಲು, ಬಸ್ಸು ಹಿಡಿಯಲು ಓಡುವ ಕಾಲು, ಬೆಂಚಿನ ಮೇಲೆ ಕೂತವರು ಒಂದರ ಮೇಲೊಂದು ಹಾಕಿಕೊಂಡ ಕಾಲು. ಒಂದಕ್ಕೂ ಮುಖ ಇರಲಿಲ್ಲ.

“ಅಲ್ವೇ, ಎರಡು ವರ್ಷ ಆಗ್ತಾ ಬಂತು ಆ ಊರು ಸೇರಿ. ಅಲ್ಲಿನ ಜನಕ್ಕೆ ಸೊಂಟದ ಮೇಲೆ ಏನಾದ್ರೂ ಇದೆಯೋ ಇಲ್ವೋ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

“ಇದೆ ಅಮ್ಮಾ. ನಂಗೆ ನೋಡೋಕೆ ಪುರುಸೊತ್ತಿಲ್ಲ.”

ಗಜಕಡ್ಡಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ಅಮ್ಮ ಬ್ಲೌಸು, ಲಂಗ ಹೊಲಿಯುವ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರಲ್ಲಿ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಮೇಜಿನ ಮೇಲೆ ಅಳತೆಯ ಗಜಕಡ್ಡಿ. ಹನ್ನೆರಡನೇ ವಯಸ್ಸಿಗೇ ಅಮ್ಮನನ್ನು ಮೀರಿ ಉದ್ದಕ್ಕೆ ಬೆಳೆದು, ಅಗಲದ ಕಡೆ ಗಮನವನ್ನೇ ಕೊಡದ ಮಗಳನ್ನು ನೋಡಿ ಗಿರಾಕಿ ಹೆಂಗಸೊಬ್ಬರು, “ನಿಮ್ಮಂಗಡೀಲಿ ಎರಡು ಗಜಕಡ್ಡಿ ಇದೆಯಲ್ರೀ” ಎಂದರು. ಅಂದಿನಿಂದ ಹೆಸರು ಅಂಟಿಕೊಂಡಿತು. ಶಾಲೆಯಿಂದ ಬಂದ ಮೇಲೆ ಅಮ್ಮ ಅಳತೆ ಕೂಗುವುದು, ಮಗಳು ಬರೆದುಕೊಳ್ಳುವುದು. ಮನುಷ್ಯರ ಮೈ ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರುವುದಿಲ್ಲ ಎನ್ನುವುದನ್ನು ಅವಳು ಕಲಿತದ್ದು ಅಲ್ಲಿಯೇ. ಪರದೇಶದ ಕಾಲೇಜು ಅದನ್ನೇ ದಪ್ಪ ಪುಸ್ತಕದಲ್ಲಿ ಚಿತ್ರಸಮೇತ ಹೇಳಿಕೊಟ್ಟಿತು, ಅಷ್ಟೇ.

ಅವಳು ಕಲಿಯಲು ಹೋದದ್ದು ಕೃತಕ ಕಾಲು ಮಾಡುವುದನ್ನು. ಅವಳ ಊರಿನ ಆಸ್ಪತ್ರೆಯ ಹಿಂಭಾಗದಲ್ಲಿ ಕಾಲು ಮಾಡಿಕೊಡುವ ಒಂದು ಕೋಣೆಯಿದೆ. ಅಲ್ಲಿ ಇರುವವರು ಒಬ್ಬರೇ ಮೇಸ್ತ್ರಿ, ಅವರಿಗೂ ವಯಸ್ಸಾಗಿದೆ. ಮೂರು ವರ್ಷ ಅವರ ಕೈಕೆಳಗೆ ಪ್ಲಾಸ್ಟರ್ ಕಲಸಿದ ಗಜಕಡ್ಡಿಯನ್ನು ಆಸ್ಪತ್ರೆಯೇ ಓದಲು ಕಳಿಸಿತ್ತು. ಮೇಸ್ತ್ರಿ ನಿವೃತ್ತರಾಗುವ ಮೊದಲು ಅವಳು ಸರ್ಟಿಫಿಕೇಟ್ ಹಿಡಿದು ವಾಪಸು ಬಂದರೆ ಆ ಕೋಣೆ ಅವಳದು. ಬರದಿದ್ದರೆ ಕೋಣೆಗೆ ಬೀಗ. ಆಮೇಲೆ ಕಾಲು ಬೇಕಾದವರು ಬಸ್ಸಿನಲ್ಲಿ ಇಡೀ ದಿನ ಪ್ರಯಾಣ ಮಾಡಿ ಇನ್ನೊಂದು ಊರಿಗೆ ಹೋಗಬೇಕು. ಒಂಟಿ ಕಾಲಿನಲ್ಲಿ ಬಸ್ಸು ಹತ್ತುವ ಕಷ್ಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಹತ್ತಿಳಿದು ಬಂದವರನ್ನು ಆ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟವಳೇ ಅವಳು.

ಓದುವ ಊರಿನಲ್ಲಿ ಅವಳ ವಾಸ ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಕೋಣೆಯಲ್ಲಿ ಎರಡು ಮಂಚ, ಒಂದೇ ಕಪಾಟು. ಜೊತೆಗಾರ್ತಿ ಬೇರೊಂದು ದೇಶದವಳು, ಕೇಕು ಮಾಡುವ ವಿದ್ಯೆ ಕಲಿಯಲು ಬಂದವಳು. ಅವಳನ್ನು ಗಜಕಡ್ಡಿ ‘ಕೇಕಮ್ಮ’ ಎಂದೇ ಕರೆಯುತ್ತಿದ್ದಳು. ತರಗತಿಯಲ್ಲಿ ಉಬ್ಬದೆ ಹೋದದ್ದು, ಒಂದು ಮೂಲೆ ಸೀದದ್ದು, ಮೇಲಿನ ಗುಲಾಬಿ ಹೂವು ಎಲೆಕೋಸಿನಂತಾದದ್ದು, ಎಲ್ಲವನ್ನೂ ಕೇಕಮ್ಮ ಡಬ್ಬಿಯಲ್ಲಿ ತುಂಬಿ ತರುತ್ತಿದ್ದಳು. ಮರುದಿನ ಇಬ್ಬರಿಗೂ ಅದೇ ತಿಂಡಿ. ಎರಡು ವರ್ಷ ಬೆಳಗ್ಗೆ ಬೆಳಗ್ಗೆ ಕೇಕು ತಿಂದರೂ ಗಜಕಡ್ಡಿ ದಪ್ಪಗಾಗಲಿಲ್ಲ. ಕೇಕಮ್ಮನಿಗೆ ಅದೊಂದು ಹೊಟ್ಟೆಕಿಚ್ಚು.

ಕಾಲೇಜಿನ ಕೆಲಸದ ಕೋಣೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಪ್ಲಾಸ್ಟರಿನ ಧೂಳು, ಆಮೇಲೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಗೆ ಸಾಲಾಗಿ ತೂಗುಹಾಕಿದ ಕಾಲುಗಳು. ಮೊದಲ ದಿನ ಅವುಗಳ ಕೆಳಗೆ ನಡೆಯಲು ಹಿಂಜರಿದವಳು ಆರು ತಿಂಗಳಿಗೆ ಅವುಗಳ ಮೇಲೆ ಕೋಟು ನೇತುಹಾಕುವಷ್ಟು ಪಳಗಿದಳು. ಪಾಠ ಹೇಳುವ ಮೇಷ್ಟ್ರು ಗಿಡ್ಡ ಮನುಷ್ಯ, ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರೂ ಬಾಗಿಲಲ್ಲಿ ಬಂದವರು ಯಾರೆಂದು ಹೆಜ್ಜೆಯ ಸದ್ದಿನಿಂದಲೇ ಹೇಳಿಬಿಡುತ್ತಿದ್ದರು. ಹಾಗಾಗಿ ತಡವಾಗಿ ಬಂದು ಮೆಲ್ಲಗೆ ನುಸುಳುವ ಉಪಾಯ ಯಾರಿಗೂ ಫಲಿಸಲಿಲ್ಲ.

“ಮೊದಲು ನಡಿಗೆ ಓದಿ. ಪುಸ್ತಕ ಎಲ್ಲೂ ಓಡಿಹೋಗಲ್ಲ, ಜನ ಓಡಿಹೋಗ್ತಾರೆ” ಎನ್ನುವುದು ಅವರ ಮಾತು. ಪ್ರತಿ ವಿದ್ಯಾರ್ಥಿಯೂ ನೂರು ಜನರ ನಡಿಗೆಯನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆಜ್ಜೆ ಎಷ್ಟು ಉದ್ದ, ಹಿಮ್ಮಡಿ ಯಾವಾಗ ಎತ್ತುತ್ತಾರೆ, ಯಾವ ಕಡೆ ವಾಲುತ್ತಾರೆ.

ಹೀಗಾಗಿ ಗಜಕಡ್ಡಿಯ ಭಾನುವಾರಗಳೆಲ್ಲ ಕಾಲುಗಳ ಪಾಲಾದವು. ಕೇಕಮ್ಮ ಊರು ಸುತ್ತುವ ಹುಚ್ಚಿನವಳು. ಎಲ್ಲಿ ಕರೆದರೂ ಗಜಕಡ್ಡಿ ಹೊರಡುತ್ತಿದ್ದಳು, ಹೋದಲ್ಲಿ ಮಾತ್ರ ನೋಡಬೇಕಾದ್ದನ್ನು ನೋಡುತ್ತಿರಲಿಲ್ಲ. ಗುಡ್ಡದ ಮೇಲಿನ ಕೋಟೆಗೆ ಹೋದಾಗ ಇಡೀ ಊರು ಕೆಳಗೆ ಹರಡಿಕೊಂಡಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಇಳಿಯುವವರ ಮಂಡಿ ಎಣಿಸುತ್ತಿದ್ದಳು. ವಸ್ತುಸಂಗ್ರಹಾಲಯದಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಅಮೃತಶಿಲೆಯ ವೀರನ ಸುತ್ತ ಒಂದು ಸುತ್ತು ಬಂದು, “ಈತ ನಡೆದರೆ ಮೂರನೇ ಹೆಜ್ಜೆಗೆ ಬೀಳ್ತಾನೆ. ಸೊಂಟ ನೋಡು” ಎಂದುಬಿಟ್ಟಳು. ಪಕ್ಕದಲ್ಲಿದ್ದ ಕಾವಲುಗಾರ್ತಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

ಒಂದು ಭಾನುವಾರ ಸಂತೆಬೀದಿಯಲ್ಲಿ ಬಹಳ ವಿಶೇಷವಾದ ನಡಿಗೆಯೊಂದು ಕಣ್ಣಿಗೆ ಬಿತ್ತು. ಕೋಟು ತೊಟ್ಟ ಗಂಡಸೊಬ್ಬ ಎಡಗಾಲು ಊರುವ ಮೊದಲು ಅದನ್ನು ಸಣ್ಣಗೆ ಹೊರಕ್ಕೆ ಜಾಡಿಸುತ್ತಿದ್ದ. ಪುಸ್ತಕದಲ್ಲಿ ಇಲ್ಲದ ನಡಿಗೆ! ಗಜಕಡ್ಡಿ ನೋಟ್‌ಬುಕ್ಕು ಹಿಡಿದು ಎರಡು ಬೀದಿ ಅವನ ಬೆನ್ನುಹತ್ತಿದಳು. ಅವನು ತರಕಾರಿ ಅಂಗಡಿಗೆ ಹೋದರೆ ಇವಳೂ ಹೋದಳು, ಅವನು ನಿಂತರೆ ಇವಳೂ ನಿಂತಳು. ಕೊನೆಗೆ ಅವನು ಗಕ್ಕನೆ ತಿರುಗಿ, “ಏನಮ್ಮ ನಿನ್ನ ಕಥೆ?” ಎಂದ. ಇವಳು ತೊದಲುತ್ತ ವಿಷಯ ಹೇಳಿ, ಈ ನಡಿಗೆ ಎಷ್ಟು ವರ್ಷದಿಂದ ಎಂದು ವಿನಯದಿಂದ ಕೇಳಿದಳು.

“ಬೆಳಗ್ಗೆಯಿಂದ. ಷೂ ಒಳಗೆ ಕಲ್ಲು ಸೇರಿಕೊಂಡಿದೆ, ಬಗ್ಗೋಕೆ ಸೋಮಾರಿತನ” ಎಂದ ಅವನು.

ಕೇಕಮ್ಮ ರಸ್ತೆ ಮಧ್ಯದಲ್ಲೇ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು. ಗಜಕಡ್ಡಿ ಮಾತ್ರ ಅರವತ್ತೆರಡನೇ ನಡಿಗೆ ಎಂದು ಅದನ್ನೂ ಪ್ರಾಮಾಣಿಕವಾಗಿ ಬರೆದುಕೊಂಡಳು.

ಹೀಗೆ ನಗುತ್ತ ಕಳೆದ ದಿನಗಳ ಕೊನೆಗೆ ಪರೀಕ್ಷೆ ಬಂತು. ಬರೆಯುವ ಪರೀಕ್ಷೆಯ ಭಯ ಅವಳಿಗಿರಲಿಲ್ಲ. ಹೆದರಿಸುತ್ತಿದ್ದದ್ದು ಕಾಲು ಮಾಡುವ ಪರೀಕ್ಷೆ. ಮಂಡಿಯ ಕೆಳಗೆ ಒಂದು ಕಾಲಿಲ್ಲದ ಒಬ್ಬೊಬ್ಬರನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಒಪ್ಪಿಸುತ್ತಾರೆ. ಆರು ವಾರದಲ್ಲಿ ಅವರಿಗೆ ಕಾಲು ಮಾಡಬೇಕು. ಮೇಷ್ಟ್ರು ಇಣುಕಿಯೂ ನೋಡುವಂತಿಲ್ಲ. ಪರೀಕ್ಷೆಯ ದಿನ ಮೂವರು ಪರೀಕ್ಷಕರ ಎದುರು ಆ ವ್ಯಕ್ತಿ ಹೊಸ ಕಾಲು ತೊಟ್ಟು ನಲವತ್ತು ಹೆಜ್ಜೆ ನಡೆಯುತ್ತಾರೆ, ಆರು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಆಮೇಲೆ ಒಂದು ಕಾಗದದ ಮೇಲಿನ ಒಂದೇ ಪ್ರಶ್ನೆಗೆ ಉತ್ತರ ಬರೆದು ಸಹಿ ಮಾಡುತ್ತಾರೆ: ‘ಈ ಕಾಲನ್ನು ನೀವು ಮನೆಗೆ ತೆಗೆದುಕೊಂಡು ಹೋಗುತ್ತೀರಾ?’ ಹೌದು ಎಂದರೆ, ಕೆಲಸದಲ್ಲಿ ತಪ್ಪಿದ್ದರೂ ವಾರದೊಳಗೆ ಸರಿಮಾಡಿಕೊಡಲು ಅವಕಾಶವಿದೆ. ಇಲ್ಲ ಎಂದರೆ ಮುಂದಿನ ವರ್ಷದ ಪರೀಕ್ಷೆಯೇ ಗತಿ. ಮುಂದಿನ ವರ್ಷದ ಹೊತ್ತಿಗೆ ಊರಿನ ಮೇಸ್ತ್ರಿ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ, ಕೋಣೆಗೆ ಬೀಗ ಬಿದ್ದಿರುತ್ತದೆ.

ಯಾರಿಗೆ ಯಾರು ಎನ್ನುವುದಕ್ಕೆ ಚೀಟಿ ಎತ್ತಿದರು. ಗಜಕಡ್ಡಿಯ ಚೀಟಿ ನೋಡಿ ಇಡೀ ತರಗತಿ ‘ಅಯ್ಯೋ ಪಾಪ’ ಎಂದಿತು. ಬಂದದ್ದು ಟಿ.ಸಿ. ತಾತನ ಪಾಲು.

ಟಿ.ಸಿ. ತಾತ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಮೂವತ್ತು ವರ್ಷ ಓಡುವ ರೈಲಿನಲ್ಲಿ ನಿಂತು, ನಿವೃತ್ತಿಯ ಹೊಸ್ತಿಲಲ್ಲಿ ಕಾಯಿಲೆಯಿಂದ ಬಲಗಾಲು ಕಳೆದುಕೊಂಡವರು. ಆಮೇಲಿನ ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಕಾಲೇಜಿನ ಪರೀಕ್ಷೆಗೆ ಬಂದಿದ್ದರು. ನಾಲ್ಕೂ ಸಲ ನಲವತ್ತು ಹೆಜ್ಜೆ ಸರಾಗವಾಗಿ ನಡೆದು, ಕೂತು, ಕನ್ನಡಕ ಒರೆಸಿಕೊಂಡು, ದುಂಡು ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದು, ತಮ್ಮ ಹಳೆಯ ಕಾಲನ್ನೇ ಹಾಕಿಕೊಂಡು ಹೋಗಿದ್ದರು. ಯಾಕೆ ಎಂದು ಕೇಳಿದರೆ, “ಸರಿ ಅನ್ನಿಸಲಿಲ್ಲ” ಎಂಬಷ್ಟೇ ಉತ್ತರ.

“ಅವರನ್ನ ಯಾಕೆ ಕರೀತೀರ ಸಾರ್?” ಎಂದು ಯಾರೋ ಗೋಗರೆದರು.

“ಹೌದು ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ. ಅವರು ಇಲ್ಲ ಅಂತಿದಾರೆ ಅಂದ್ರೆ ನಾವೇನೋ ನೋಡ್ತಾ ಇಲ್ಲ” ಎಂದರು ಮೇಷ್ಟ್ರು.

ಕಾಲು ತೊಡಿಸಿ ನೋಡಲು ಅವಳಿಗೆ ಕೊಟ್ಟದ್ದು ಮೊಗಸಾಲೆಯ ಕೊನೆಯ ಸಣ್ಣ ಕೋಣೆ. ಉದ್ದಕ್ಕೆ ಹಿಡಿದು ನಡೆಯುವ ಎರಡು ಕಂಬಿ, ಒಂದು ಕುರ್ಚಿ, ಗೋಡೆಗೆ ಆಳೆತ್ತರದ ಕನ್ನಡಿ. ಗಜಕಡ್ಡಿ ಹಿಂದಿನ ಮಧ್ಯಾಹ್ನವೇ ಹೋಗಿ ನೆಲವನ್ನು ಎರಡು ಸಲ ಒರೆಸಿದಳು. ಪ್ಲಾಸ್ಟರಿನ ಪುಡಿಯ ಮೇಲೆ ತಾತ ಜಾರಿಬಿಟ್ಟರೆ ಎಂಬ ಹೆದರಿಕೆ. ಬಾಗಿಲಲ್ಲಿ ಒಂದು ಚಾಪೆ ಹಾಸಿದಳು. ಮರುದಿನ ಟಿ.ಸಿ. ತಾತ ಬಂದಾಗ ಒರೆಸಿದ ನೆಲ ಹೊಳೆಯುತ್ತಿತ್ತು, ಚಾಪೆಯ ಪಕ್ಕದಲ್ಲಿ ಅವಳ ಷೂ ಜೋಡಿಯಾಗಿ ನಿಂತಿತ್ತು, ಅವಳು ಬರಿಗಾಲಲ್ಲಿ ಕೈಕಟ್ಟಿ ನಿಂತಿದ್ದಳು.

ತಾತ ಒಮ್ಮೆ ನೆಲ ನೋಡಿದರು, ಒಮ್ಮೆ ಅವಳ ಕಾಲು ನೋಡಿದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎಡಗಾಲಿನ ಷೂ ಬಿಚ್ಚಿದರು, ಕಾಲುಚೀಲವನ್ನೂ ತೆಗೆದರು. ಬಲಗಡೆಯ ಹಳೆಯ ಕಾಲನ್ನು ಷೂ ಸಮೇತ ಕಳಚಿ ಚಾಪೆಯ ಆಚೆ ನಿಲ್ಲಿಸಿದರು. ಆ ಕಾಲು ಒಳಗೆ ಬರಲು ಅಪ್ಪಣೆಯಿಲ್ಲದ ಅತಿಥಿಯಂತೆ ಅಲ್ಲೇ ನಿಂತಿತು.

ಅಲ್ಲಿಂದ ಆರು ವಾರ ಇದೇ ಕ್ರಮ. ಗಜಕಡ್ಡಿ ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದಳು. ಅಚ್ಚಿನಿಂದ ಸಾಕೆಟ್ ಮಾಡಿದಳು, ಎಂದರೆ ಮೊಂಡುಗಾಲು ಹೋಗಿ ಕೂರುವ ಬಟ್ಟಲು. ಅದರ ಕೆಳಗೆ ಕೊಳವೆ, ಕೊಳವೆಯ ತುದಿಗೆ ಬೆರಳುಗಳ ಆಕಾರವಿದ್ದ ರಬ್ಬರ್ ಪಾದ. ತಿರುಪು ತಿರುಗಿಸಿ ಒಂದು ಕೂದಲೆಳೆ ಮುಂದಕ್ಕೆ, ಒಂದು ಕೂದಲೆಳೆ ಹಿಂದಕ್ಕೆ ಬಾಗಿಸಿ ನಡೆಸಿ ನೋಡುವುದು. ಸಾಕೆಟ್ ವಿಷಯದಲ್ಲಿ ಅವಳಿಗೆ ಸರಿಸಾಟಿ ಯಾರೂ ಇರಲಿಲ್ಲ. ಅಮ್ಮನ ಪಾಠ ಅಲ್ಲಿ ಕೆಲಸಕ್ಕೆ ಬಂತು.

“ಅಳತೆ ಕೊಡೋಕೆ ಬಂದೋರು ಹೊಟ್ಟೆ ಒಳಗೆ ಎಳ್ಕೊಂಡು ನಿಲ್ತಾರೆ ಕಣೇ. ಏನಾದ್ರೂ ಮಾತಾಡಿಸು, ಉಸಿರು ಬಿಡ್ತಾರೆ, ಆಗ ಟೇಪು ಹಿಡಿ” ಎಂದಿದ್ದಳು ಅಮ್ಮ. ಗಜಕಡ್ಡಿ ರೈಲಿನ ಮಾತು ತೆಗೆದಳು. ಟಿಕೆಟ್ ಇಲ್ಲದವರು ಹೇಳುವ ಸುಳ್ಳುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದಳು. ತಾತನ ಮೊಂಡುಗಾಲು ಸಡಿಲವಾಯಿತು. ಸತ್ತ ಅಜ್ಜಿಯನ್ನು ಒಂದೇ ವರ್ಷದಲ್ಲಿ ಆರು ಸಲ ಸಾಯಿಸಿದ ಪ್ರಯಾಣಿಕನೊಬ್ಬನ ಕಥೆ ಹೇಳುತ್ತಿರುವಾಗಲೇ ಪ್ಲಾಸ್ಟರ್ ಒಣಗಿತು.

ಆದರೆ ಹೊಸ ಕಾಲಿನ ಮೇಲೆ ನಿಂತು ನಡೆಯಲು ಶುರುಮಾಡಿದ ದಿನದಿಂದ ತಾತ ಮೌನ. ಕಂಬಿ ಹಿಡಿದು ಆ ತುದಿಗೆ ಹೋಗುತ್ತಾರೆ, ಈ ತುದಿಗೆ ಬರುತ್ತಾರೆ, ನೆಲ ನೋಡುತ್ತಾರೆ. ಕಥೆಯಿಲ್ಲ, ನಗುವಿಲ್ಲ. ನೋವಾ ಎಂದರೆ ಇಲ್ಲ. ಸಡಿಲವಾ ಎಂದರೆ ಇಲ್ಲ. ಇದು ‘ಇಲ್ಲ’ ಬರೆಯುವ ಮುನ್ನಿನ ಮೌನ ಎಂದು ತರಗತಿಯ ಪಂಡಿತರು ಷರಾ ಬರೆದರು.

ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡಳು. ಆ ಕಡೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು.

“ಹಾಕ್ಕೊಂಡು ಎಲ್ಲಿಗೆ ಹೋಗ್ತಾರಂತೆ?”

“ಎಲ್ಲಿಗೆ ಅಂದ್ರೆ? ಎಲ್ಲಾ ಕಡೆಗೂ ಅಮ್ಮಾ. ಕಾಲಲ್ವಾ ಅದು!”

“ನೀನು ಕೇಳಿದ್ಯಾ? ಮದುವೆ ಮನೆಗೆ ಹಾಕ್ಕೊಳೋ ಬ್ಲೌಸೇ ಬೇರೆ, ಪಾತ್ರೆ ತೊಳೆಯೋವಾಗ ಹಾಕ್ಕೊಳೋದೇ ಬೇರೆ. ಎಲ್ಲಿಗೆ ಅಂತ ಕೇಳದೆ ನಾನು ಕತ್ತರಿ ಮುಟ್ಟಲ್ಲ.”

“ಅಮ್ಮಾ, ಇದು ಬ್ಲೌಸ್ ಅಲ್ಲ.”

“ಆಯ್ತಮ್ಮ, ಓದಿದೋಳು ನೀನು” ಎಂದು ಅಮ್ಮ ಯಂತ್ರ ತುಳಿದಳು.

ಪರೀಕ್ಷೆಗೆ ಮೂರು ದಿನ ಮುಂಚೆ ತಿರುಪುಗಳ ಕೆಲಸ ಮುಗಿಯಿತು. ತಾತ ಕಂಬಿ ಮುಟ್ಟದೆ ನಲವತ್ತು ಹೆಜ್ಜೆ ನಡೆದರು. ಎಡಹೆಜ್ಜೆಗೂ ಬಲಹೆಜ್ಜೆಗೂ ವ್ಯತ್ಯಾಸ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರೂ ಸದ್ದು ಒಂದೇ. ಗಜಕಡ್ಡಿ ಖುಷಿಯಲ್ಲಿ ಎಲ್ಲವನ್ನೂ ಅಂಟು ಹಾಕಿ ಗಟ್ಟಿಮಾಡಿ, ಮೇಲೆ ಚರ್ಮದ ಬಣ್ಣದ ಹೊದಿಕೆ ಹಾಕಿ ಮುಗಿಸಿದಳು. ಇನ್ನು ತಿರುಪು ಬೇಕೆಂದರೂ ಸಿಗುವುದಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಕೇಕಮ್ಮ ಮೊದಲ ಬಾರಿಗೆ ಕೆಡದ ಒಂದು ಕೇಕು ತಂದು ತಿನ್ನಿಸಿದಳು. ದೊಡ್ಡ ಸಭಾಂಗಣ, ನಡುವೆ ಹಿಡಿದು ನಡೆಯುವ ಕಂಬಿ, ಆಚೆ ಆರು ಮೆಟ್ಟಿಲು, ಎದುರಿಗೆ ಮೂವರು ಪರೀಕ್ಷಕರು, ಹಿಂದೆ ಮೇಷ್ಟ್ರು. ತಾತ ಇಸ್ತ್ರಿ ಮಾಡಿದ ಹಳೆಯ ರೈಲ್ವೆ ಕೋಟು ತೊಟ್ಟು ಬಂದಿದ್ದರು. ಕುರ್ಚಿಯಲ್ಲಿ ಕೂತು ಹಳೆಯ ಕಾಲು ಕಳಚಿದರು. ಸಹಾಯಕಿಯೊಬ್ಬಳು ಆ ಕಾಲಿನಿಂದ ಷೂ ಬಿಚ್ಚಿ ಗಜಕಡ್ಡಿ ಮಾಡಿದ ಕಾಲಿಗೆ ತೊಡಿಸಿದಳು. ಅದನ್ನು ನೋಡುತ್ತ ನಿಂತ ಗಜಕಡ್ಡಿಗೆ ಎಲ್ಲೋ ಏನೋ ಚುಚ್ಚಿದ ಹಾಗಾಯಿತು, ಏನೆಂದು ಹೊಳೆಯಲಿಲ್ಲ.

ತಾತ ಎದ್ದು ನಿಂತರು. ಮೊದಲ ಹೆಜ್ಜೆಗೇ ಬಲಮಂಡಿ ಮುಂದಕ್ಕೆ ಕುಸಿಯಿತು. ಎರಡನೆಯದಕ್ಕೆ ಹಿಂದಿನಿಂದ ಯಾರೋ ತಳ್ಳಿದವರ ಹಾಗೆ ಮುಗ್ಗರಿಸಿದರು. ಆರನೆಯದಕ್ಕೆ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತರು.

ಪರೀಕ್ಷಕಿ ಹತ್ತಿರ ಬಂದು ಬಗ್ಗಿ ಷೂ ನೋಡಿದರು, ಕಾಲು ನೋಡಿದರು. ತಲೆ ಎತ್ತಿ, “ಷೂ ಹಿಮ್ಮಡಿಗೆ ಅಂತ ಎಷ್ಟು ಎತ್ತರ ಬಿಟ್ಟಿದೀಯ?” ಎಂದು ಕೇಳಿದರು.

ಆಗ ಹೊಳೆಯಿತು. ಅದು ಮೊದಲ ವಾರದ ಪಾಠ. ಷೂ ಹಿಮ್ಮಡಿ ಎರಡು ಬೆರಳು ಎತ್ತರ. ಕಾಲನ್ನು ಅಷ್ಟು ಹಿಂದಕ್ಕೆ ಬಾಗಿಸಿಯೇ ಕೂರಿಸಬೇಕು, ಇಲ್ಲದಿದ್ದರೆ ಷೂ ಹಾಕಿದೊಡನೆ ಮನುಷ್ಯ ಇಳಿಜಾರಿನಲ್ಲಿ ನಿಂತ ಹಾಗಾಗುತ್ತಾನೆ. ಬರೆಯುವ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿತ್ತು. ತರಗತಿಯ ಬೇರೆ ಯಾರೂ ಮಾಡದ ತಪ್ಪು ಇದು. ಅವರಿಗೆ ಬರಿಗಾಲ ಮನುಷ್ಯ ಕೋಣೆಗೆ ಬಂದರೆ ತಕ್ಷಣ ಕಣ್ಣಿಗೆ ಹೊಡೆಯುತ್ತಿತ್ತು, ಷೂ ಎಲ್ಲಿ ಎಂದು ಕೇಳುತ್ತಿದ್ದರು. ಅವಳಿಗೆ ಹಾಗಲ್ಲ. ಹುಟ್ಟಿದಾಗಿನಿಂದ ಅವಳು ತನ್ನೂರಿನಲ್ಲಿ ಕಂಡ ಮನುಷ್ಯರೆಲ್ಲ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದವರು. ಕೋಣೆಯೊಳಗೆ ಬರಿಗಾಲಲ್ಲಿ ನಿಂತವರು ಅವಳ ಕಣ್ಣಿಗೆ ಬರಿಗಾಲಲ್ಲಿರುವವರೇ ಅಲ್ಲ, ಸುಮ್ಮನೆ ಕೋಣೆಯಲ್ಲಿರುವವರು. ಆರು ವಾರ ಚಾಪೆಯಾಚೆ ನಿಂತಿದ್ದ ಷೂವಿನ ಕಡೆ ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

“ಸೊನ್ನೆ ಮೇಡಂ. ಷೂ ಲೆಕ್ಕಕ್ಕೇ ತಗೊಂಡಿಲ್ಲ. ತಪ್ಪು ನಂದೇ” ಎಂದಳು. ಆಸ್ಪತ್ರೆಯ ಹಿಂಭಾಗದ ಕೋಣೆ, ಅದರ ಬಾಗಿಲಿಗೆ ಬೀಗ, ಕಣ್ಣ ಮುಂದೆಯೇ ಕಂಡಿತು. ಅಳಬಾರದು ಎಂದುಕೊಂಡಳು. ಅಷ್ಟರಲ್ಲಿ ಒಂದು ಹನಿ ಮೂಗಿನ ತುದಿಗೆ ಬಂದು ನಿಂತೇಬಿಟ್ಟಿತು.

ಪರೀಕ್ಷಕರು ಪರಸ್ಪರ ಮುಖ ನೋಡಿಕೊಂಡರು. ಒಬ್ಬರು ಕಾಗದ ತೆಗೆದುಕೊಂಡು ತಾತನ ಕಡೆ ಹೊರಟರು. ತಾತ ಕೈ ಎತ್ತಿ ತಡೆದರು. ರೈಲಿನಲ್ಲಿ ಎಷ್ಟು ಜನರನ್ನು ಹಾಗೆ ತಡೆದಿದ್ದರೋ, ಆ ಕೈಗೆ ಪರೀಕ್ಷಕರೂ ನಿಂತರು.

“ಒಂದು ನಿಮಿಷ” ಎಂದು ತಾತ ಕುರ್ಚಿಯಲ್ಲಿ ಕೂತು ಲೇಸು ಬಿಚ್ಚಿದರು. ಎಡಗಡೆಯದು, ಬಲಗಡೆಯದು, ಎರಡೂ ಷೂ ತೆಗೆದು ಪಕ್ಕಕ್ಕೆ ಜೋಡಿಸಿದರು. ಕಾಲುಚೀಲ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಎದ್ದರು.

ನಡೆದರು. ಕಂಬಿ ಮುಟ್ಟಲಿಲ್ಲ. ಹತ್ತು, ಇಪ್ಪತ್ತು, ನಲವತ್ತು. ಮೆಟ್ಟಿಲು ಹತ್ತಿದರು, ಮೇಲೆ ನಿಂತು ಎಲ್ಲರನ್ನೂ ಒಮ್ಮೆ ನೋಡಿದರು, ಇಳಿದರು. ಯಾರೂ ಕೇಳದಿದ್ದರೂ ಇನ್ನೂ ನಲವತ್ತು ಹೆಜ್ಜೆ ಜಾಸ್ತಿ ನಡೆದು, ಮೇಷ್ಟ್ರ ಮುಂದೆ ಹೋಗಿ ನಿಂತರು.

“ಹನ್ನೊಂದು ವರ್ಷ ಆಯ್ತು ಸಾರ್, ನನ್ನ ಮನೆ ನೆಲ ನಾನು ಮುಟ್ಟಿಲ್ಲ” ಎಂದರು. “ನೀವು ಕೊಟ್ಟ ಕಾಲೆಲ್ಲ ಷೂ ಹಾಕಿದ್ರೇನೇ ನಿಲ್ಲೋದು. ಷೂ ತೆಗೆದ್ರೆ ಹಿಂದಕ್ಕೆ ಬೀಳ್ತೀನಿ. ಮಂಚದಿಂದ ಒಲೆ ಹತ್ರ ಹೋಗ್ಬೇಕಾದ್ರೂ ಲೇಸು ಕಟ್ಬೇಕು. ನಮ್ಮನೆಯವಳು ದಿನಾ ನೆಲ ಒರೆಸ್ತಾಳೆ, ನಾನು ದಿನಾ ಷೂ ಗುರುತು ಮಾಡ್ತೀನಿ, ದಿನಾ ಬೈಸ್ಕೊತೀನಿ. ಹನ್ನೊಂದು ವರ್ಷ! ಏನೋ ಸರಿಯಿಲ್ಲ ಅನ್ನಿಸ್ತಿತ್ತು, ಏನು ಅಂತ ನಂಗೂ ಗೊತ್ತಾಗ್ತಿರಲಿಲ್ಲ. ಈ ಉದ್ದ ಹುಡುಗಿ ಬಾಗಿಲಲ್ಲೇ ಷೂ ಬಿಚ್ಚಿಸಿದಳಲ್ಲ, ಆವತ್ತು ಗೊತ್ತಾಯ್ತು. ಬೇಕೂ ಅಂತಲೇ ಮಾಡಿದಾಳೆ ಅಂದ್ಕೊಂಡಿದ್ದೆ.”

“ಇಲ್ಲ ತಾತ, ಬೇಕಂತ ಮಾಡ್ಲಿಲ್ಲ. ನಂಗೆ ಗೊತ್ತೇ ಆಗ್ಲಿಲ್ಲ” ಎಂದಳು ಗಜಕಡ್ಡಿ. ಅಲ್ಲಿ ಸುಮ್ಮನಿದ್ದರೆ ಹೆಸರು ಬರುತ್ತಿತ್ತು. ಆದರೆ ಟಿಕೆಟ್ ತಪಾಸಣೆ ಮಾಡಿದವರ ಮುಂದೆ ಸುಳ್ಳು ಹೇಳುವುದು ಹೇಗೆ?

“ಮತ್ತೆ ನಡೆಸಿ ನೋಡೋವಾಗ ಒಂದು ಮಾತೂ ಆಡ್ಲಿಲ್ಲ ನೀವು!” ಎಂದು ಅವಳೇ ಮುಂದುವರಿಸಿದಳು.

“ಏನಂತ ಆಡಲಿ ಮಗು? ನೆಲ ತಣ್ಣಗಿತ್ತು. ಒಂದೇ ಕಾಲಿಗೆ ಗೊತ್ತಾಗೋದು, ಆದ್ರೂ ಎರಡಕ್ಕೂ ಗೊತ್ತಾದ ಹಾಗಿತ್ತು.”

ತಾತ ಕಾಗದ ತೆಗೆದುಕೊಂಡು, ಕನ್ನಡಕ ಒರೆಸಿಕೊಂಡು, ದುಂಡು ಅಕ್ಷರದಲ್ಲಿ ‘ಹೌದು’ ಎಂದು ಬರೆದರು. ಅದರ ಕೆಳಗೆ ಯಾರೂ ಜಾಗ ಬಿಡದಿದ್ದ ಕಡೆ ಸಣ್ಣದಾಗಿ, ‘ಬೀದಿಗೆ ಬೇರೆ ಕೊಡಿ’ ಎಂದೂ ಸೇರಿಸಿದರು.

ಪರೀಕ್ಷಕರು ವಾರದ ಗಡುವು ಕೊಟ್ಟರು. ಗಜಕಡ್ಡಿ ಅದೇ ಅಚ್ಚಿನಿಂದ ಇನ್ನೊಂದು ಕಾಲು ಮಾಡಿದಳು. ಈ ಸಲ ಮೊದಲ ದಿನವೇ ತಾತನ ಬಲ ಷೂವನ್ನು ಎತ್ತಿಕೊಂಡು ಹೋಗಿ ಕೆಲಸದ ಮೇಜಿನ ಮೇಲೆ, ಎದುರಿಗೇ ಇಟ್ಟುಕೊಂಡಳು. ತಾತ ಅಷ್ಟೂ ದಿನ ಷೂ ಇಲ್ಲದೆ, ಹೊಸ ಕಾಲು ತೊಟ್ಟು ಮನೆಯಲ್ಲೇ ಇದ್ದರಂತೆ. ಕಾಲು ಪಾಸಾಯಿತು, ಹುಡುಗಿಯೂ ಪಾಸಾದಳು. ಮೇಷ್ಟ್ರು ಸರ್ಟಿಫಿಕೇಟ್ ಕೊಡುವಾಗ ಸಾಕೆಟ್ಟಿನ ಅಳತೆಯನ್ನು ಹೊಗಳಿ, “ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?” ಎಂದು ಕೇಳಿದರು. ಟೈಲರ್ ಎಂದಳು. “ಹಾಗೆ ಹೇಳು” ಎಂದರು. ಮುಂದಿನ ತಂಡಕ್ಕೆ ಕೊಡುವ ಅಳತೆಯ ಹಾಳೆಯಲ್ಲಿ ಎತ್ತರ, ತೂಕಗಳ ಮೇಲೆ ಹೊಸದೊಂದು ಸಾಲು ಸೇರಿತು: ‘ಹಾಕಿಕೊಂಡು ಎಲ್ಲಿಗೆ ಹೋಗುತ್ತೀರಿ?’ ಆ ಸಾಲನ್ನು ಬರೆಸಿದವಳು ಗಜಕಡ್ಡಿಯೇ. ಫೋನಿನಲ್ಲಿ ಅಮ್ಮನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. ಹೇಳಿದರೆ ಜೀವಮಾನವೆಲ್ಲ ಕೇಳಬೇಕಾಗುತ್ತದೆ.

ಊರಿಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ಗಜಕಡ್ಡಿ, ಕೇಕಮ್ಮ ಇಬ್ಬರೂ ತಾತನ ಮನೆಗೆ ಹೋದರು. ಕೈಯಲ್ಲಿ ಕೇಕಿನ ಡಬ್ಬಿ. ಬಾಗಿಲು ತೆಗೆದ ಅಜ್ಜಿಯ ಕೈಯಲ್ಲಿ ನೆಲ ಒರೆಸುವ ಬಟ್ಟೆಯಿತ್ತು. ಗುರುತು ಪರಿಚಯ ಎಲ್ಲ ಆಮೇಲೆ, ಅಜ್ಜಿಯ ಮೊದಲ ಮಾತೇ, “ಷೂ ಆಚೆ ಬಿಡಿ!”

ಹೊಸ್ತಿಲ ಆಚೆ ತಾತನ ಬೀದಿಯ ಕಾಲು ಷೂ ಸಮೇತ ಗೋಡೆಗೆ ಒರಗಿ ನಿಂತಿತ್ತು. ಇಬ್ಬರೂ ಅದರ ಪಕ್ಕದಲ್ಲಿ ತಮ್ಮ ಷೂ ಜೋಡಿಸಿ ಒಳಗೆ ಅಡಿಯಿಟ್ಟರು. ಆಗತಾನೆ ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು. ಮಂಚದ ಕೋಣೆಯಿಂದ ಅಡುಗೆಮನೆಯವರೆಗೆ ಹೆಜ್ಜೆಗುರುತು ಮೂಡಿತ್ತು, ಒಂದು ಐದು ಬೆರಳಿನದು, ಒಂದು ರಬ್ಬರಿನದು. ಒಳಗಿನಿಂದ ತಾತ ಯಾವುದೋ ಹಾಡು ಗುನುಗುವುದು ಕೇಳಿಸುತ್ತಿತ್ತು.

“ನೋಡಿ ಈ ಮುದುಕನ್ನ, ಒಣಗೋವರೆಗೂ ತಡೆಯೋಕಾಗಲ್ಲ” ಎಂದು ಅಜ್ಜಿ ಬೈದಳು. ಬೈಯುತ್ತಲೇ ಬಟ್ಟೆ ಹಿಡಿದು ಬಗ್ಗಿದವಳು, ಆ ಗುರುತುಗಳನ್ನು ಒರೆಸದೆ ಸುತ್ತ ಮಾತ್ರ ಒರೆಸಿದಳು.

ಗಜಕಡ್ಡಿ ಫೋನು ತೆಗೆದು ನೆಲದ ಫೋಟೋ ಹಿಡಿದಳು. ಎರಡು ವರ್ಷದಲ್ಲಿ ಅವಳು ಅಮ್ಮನಿಗೆ ಕಳಿಸಿದ ಕೊನೆಯ ಫೋಟೋ ಅದು. ಅದರಲ್ಲಿ ಮುಖ ಹಾಗಿರಲಿ, ಕಾಲೂ ಇರಲಿಲ್ಲ. ಎರಡು ನಿಮಿಷದಲ್ಲಿ ಫೋನು ಬಂತು.

“ಯಾರೇ ಅದು, ಒರೆಸಿದ ನೆಲ ತುಳಿದಿರೋದು?” ಎಂದು ಅಮ್ಮ ಗದರಿದಳು.

“ನನ್ನ ಗಿರಾಕಿ ಅಮ್ಮಾ” ಎಂದಳು ಗಜಕಡ್ಡಿ.